ಬಾಲವಿಲ್ಲದ ಇಪ್ಪತ್ತೇಳು ಫೈಲುಗಳು

ಕಂಪ್ಯೂಟರ್ ರಿಪೇರಿ ಕಸುಬಿನಲ್ಲಿ ತಿಂಗಳಿಗೊಂದಾದರೂ ದೆವ್ವ ಎದುರಾಗುತ್ತದೆ. ಹೀಗಂದರೆ ಜನ ನಗುತ್ತಾರೆ. ಅವರ ಮನೆಯ ಕಂಪ್ಯೂಟರಿಗೇ ದೆವ್ವ ಹೊಕ್ಕಾಗ ಮಾತ್ರ ನಗದೆ ಫೋನು ಮಾಡುತ್ತಾರೆ. ಚನ್ನಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಸಣ್ಣ ಅಂಗಡಿ ಇತ್ತು. ಅಲ್ಲಿಂದ ಸ್ಕೂಟರಿನಲ್ಲಿ ರಾಮನಗರ, ಮಾಗಡಿ, ಕನಕಪುರ ಅಂತ ಸುತ್ತಿ ಎಷ್ಟು ದೆವ್ವ ಓಡಿಸಿದ್ದೇನೋ ನನಗೇ ಗೊತ್ತಿಲ್ಲ. ಮಂತ್ರ ಇಲ್ಲ, ನಿಂಬೆಹಣ್ಣು ಇಲ್ಲ. ಮೌಸಿನ ಬಲಗಡೆ ಗುಂಡಿ ಒತ್ತಿ, ‘ಇದನ್ನು ಯಾವುದರಲ್ಲಿ ತೆರೆಯಬೇಕು’ ಅಂತ ಕೇಳುವ ಕಡೆ ಸರಿಯಾದ ಪ್ರೋಗ್ರಾಮನ್ನು ತೋರಿಸಿದರೆ ಹೆಚ್ಚುಕಮ್ಮಿ ಎಲ್ಲ ದೆವ್ವಗಳೂ ಜಾಗ ಖಾಲಿ ಮಾಡುತ್ತವೆ. ಒಂದೇ ಒಂದನ್ನು ನಾನು ಓಡಿಸಲಿಲ್ಲ. ಮನಸ್ಸಾಗಲಿಲ್ಲ ಅಂದುಕೊಂಡರೆ ನನಗೆ ಮರ್ಯಾದೆ. ಅದು ನನ್ನ ಮರ್ಯಾದೆಯನ್ನು ಉಳಿಸಲಿಲ್ಲ ಅನ್ನುವುದು ಬೇರೆ ವಿಷಯ.

ಈ ಬಲಗಡೆ ಗುಂಡಿಯ ಮರ್ಮವನ್ನು ಮೊದಲು ಹೇಳಿಬಿಡುತ್ತೇನೆ. ಕಂಪ್ಯೂಟರಿನಲ್ಲಿ ಪ್ರತಿ ಫೈಲಿನ ಹೆಸರಿಗೂ ಕೊನೆಯಲ್ಲೊಂದು ಚುಕ್ಕಿ, ಚುಕ್ಕಿಯ ಮುಂದೆ ಮೂರಕ್ಷರದ ಬಾಲ. ಫೋಟೋಗೆ ಒಂದು ಬಾಲ, ಹಾಡಿಗೆ ಇನ್ನೊಂದು, ಪತ್ರಕ್ಕೆ ಮತ್ತೊಂದು. ನೀವು ಫೈಲನ್ನು ಒತ್ತಿದಾಗ ಕಂಪ್ಯೂಟರು ಒಳಗೇನಿದೆ ಅಂತ ನೋಡುವುದಿಲ್ಲ. ಬಾಲ ನೋಡುತ್ತದೆ, ಆಮೇಲೆ ‘ಇಂಥ ಬಾಲದ್ದು ಇಂಥ ಪ್ರೋಗ್ರಾಮಿಗೆ’ ಅಂತ ಬರೆದಿಟ್ಟ ಪಟ್ಟಿ ನೋಡಿ ಅಲ್ಲಿಗೆ ಕಳಿಸುತ್ತದೆ. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಬೋರ್ಡು ಓದಿ ಬಸ್ಸು ಹತ್ತುವವರ ಹಾಗೆ. ಡ್ರೈವರು ಬೋರ್ಡು ತಿರುಗಿಸುವುದನ್ನು ಮರೆತಿದ್ದರೆ ಕನಕಪುರಕ್ಕೆ ಹೊರಟವನು ಮಾಗಡಿಯಲ್ಲಿ ಇಳಿದು ಕಣ್ಣು ಕಣ್ಣು ಬಿಡುತ್ತಾನೆ. ಆ ಪಟ್ಟಿಯಲ್ಲಿ ಒಂದು ಸಾಲು ತಪ್ಪಿದರೆ ಸಾಕು, ಮನೆಗೆ ದೆವ್ವ ಬಂದ ಹಾಗೇ.

೧. ಕಾಫಿ ಬರುವ ಮನೆ

ಹೆದ್ದಾರಿಯಿಂದ ಒಳಗೆ ಎರಡನೇ ಓಣಿಯಲ್ಲಿ ಬೊಂಬೆ ಮಾಡುವ ಯಜಮಾನರೊಬ್ಬರಿದ್ದರು. ಮುಂದೆ ಮನೆ, ಹಿಂದೆ ಶೆಡ್ಡು, ಶೆಡ್ಡಿನಲ್ಲಿ ಮರ ತಿರುಗಿಸಿ ಕಡೆಯುವ ನಾಲ್ಕು ಲೇತು. ಹೊರದೇಶದ ಆರ್ಡರು ಬರತೊಡಗಿದ ಮೇಲೆ ಒಂದು ಕಂಪ್ಯೂಟರು ಕೊಂಡರು. ಆ ಕಂಪ್ಯೂಟರಿಗೂ ನನಗೂ ಏನೋ ಋಣಾನುಬಂಧ. ತಿಂಗಳಿಗೆ ಎರಡು ಸಲ ಕೆಡುತ್ತಿತ್ತು. ನಾನು ಹೋಗಿ ಕುರ್ಚಿಯಲ್ಲಿ ಕೂತು ಇನ್ನೂ ಸ್ಕ್ರೂ ಬಿಚ್ಚಿರುವುದಿಲ್ಲ, ಒಳಗಿನಿಂದ ಕಾಫಿ ಬರುತ್ತಿತ್ತು. ದೊಡ್ಡ ಲೋಟ, ನೊರೆ ಕಾಫಿ, ನನಗೆ ಹಿಡಿಸುವಷ್ಟು ಸಿಹಿ. ಕೇಳಬೇಕಾಗಿಯೇ ಇರಲಿಲ್ಲ. ಇಡೀ ತಾಲ್ಲೂಕಿನಲ್ಲಿ ನನ್ನ ವಿದ್ಯೆಗೆ ಬೆಲೆ ಕೊಡುವ ಮನೆ ಇದೊಂದೇ ಅಂತ ನನಗೆ ಹೆಮ್ಮೆ.

ಒಂದು ದಿನ ಅವರು ಬುಗುರಿ ಮಾಡುವುದನ್ನು ನೋಡುತ್ತಾ ಕೂತಿದ್ದೆ. ಬಣ್ಣದ ಅರಗಿನ ಕಡ್ಡಿ ಒತ್ತಿ, ತಾಳೆಗರಿಯಿಂದ ಉಜ್ಜಿ, ಹೊಳಪು ಬಂದ ಮೇಲೆ ಕೊನೆಯ ತುಂಡನ್ನು ಉಳಿಯಿಂದ ಕತ್ತರಿಸಿ ಎಸೆದರು.

“ಯಾಕೆ ಯಜಮಾನ್ರೇ, ಅಷ್ಟು ಒಳ್ಳೆ ಮರ ಎಸೆದ್ರಿ?” ಅಂದೆ.

“ಅದು ಲೇತು ಹಿಡ್ಕಳಾಕೆ ಬುಟ್ಟಿರೋ ಬಾಲ ಕಣಣ್ಣ. ಬೊಂಬೆ ಆದ್ಮೇಲೆ ಬಾಲ ಕತ್ತರಿಸ್ಲೇಬೇಕು. ಬಾಲ ಐತೆ ಅಂದ್ರೆ ಕೆಲ್ಸ ಮುಗ್ದಿಲ್ಲ ಅಂತ.”

ಗೋಡೆಯ ಮೊಳೆಯಲ್ಲಿ ಒಂದು ಮೈಕು ನೇತಾಡುತ್ತಿತ್ತು, ಕಿವಿಗೆ ಹಾಕಿಕೊಂಡು ಬಾಯಿಯ ಹತ್ತಿರ ಮಾತಾಡುವಂಥದ್ದು. “ಏನು, ಆರ್ಕೆಸ್ಟ್ರಾ ಶುರು ಮಾಡ್ತೀರಾ?” ಅಂತ ನಾನೇ ತಮಾಷೆ ಮಾಡಿದೆ. ಅವರು ನಕ್ಕು ಇನ್ನೊಂದು ಬುಗುರಿಗೆ ಕೈ ಹಾಕಿದರು. ನಾನು ಕಾಫಿ ಕುಡಿದು ಎದ್ದು ಬಂದೆ.

ಅದಾಗಿ ಎರಡು ವರ್ಷಕ್ಕೆ, ಒಂದು ಬೆಳಿಗ್ಗೆ, ಲೇತಿನ ಮುಂದೆ ಕೂತವರು ಹಾಗೇ ಗೋಡೆಗೆ ಒರಗಿಕೊಂಡರಂತೆ. ಲೇತು ತಿರುಗುತ್ತಲೇ ಇತ್ತಂತೆ. ಶೆಡ್ಡಿನ ಹಿರಿಯ ಕೆಲಸಗಾರ ಅದನ್ನು ನಿಲ್ಲಿಸಿದ ಮೇಲೇ ಮನೆಯವರಿಗೆ ಗೊತ್ತಾಗಿದ್ದು.

ಅವರ ಹೆಂಡತಿ, ನಾನು ಅಕ್ಕ ಅನ್ನುತ್ತಿದ್ದೆ, ಕಸುಬು ನಿಲ್ಲಿಸಲಿಲ್ಲ. ಮೂವರು ಕೆಲಸಗಾರರಲ್ಲಿ ಇಬ್ಬರು ಬಿಡದಿ ಕಡೆಯ ಫ್ಯಾಕ್ಟರಿ ಬಸ್ಸು ಹತ್ತಿದರು. ಹಿರಿಯ ಒಬ್ಬರು ಉಳಿದರು. ಅಷ್ಟರಲ್ಲಿ ಬೆಂಗಳೂರಿನ ಏಜೆಂಟು ಹಳೆಯ ಆರ್ಡರನ್ನೇ ಮತ್ತೆ ತಂದ: ಎಳೆ ಮಕ್ಕಳ ಗಿಲಕಿ, ಮಗು ನೆಕ್ಕಿದರೂ ತೊಂದರೆಯಾಗದ ಗಿಡಮೂಲಿಕೆ ಬಣ್ಣ, ಹೋದ ಸಲದ್ದೇ ಹಸಿರು. ಆ ಹಸಿರಿನ ಪಾಕ ಯಜಮಾನರೊಬ್ಬರಿಗೇ ಗೊತ್ತಿದ್ದದ್ದು. ಹಿರಿಯರು ಏಳು ಸಲ ಕಲಸಿದರು. ಏಳು ಸಲವೂ ಕೆರೆಯ ಪಾಚಿ ಬಂತು. ಮೂರು ತಿಂಗಳು ಗಡುವು. ಅಕ್ಕನ ಮೈದುನ ಬೇರೆ, “ಅತ್ತಿಗೆ, ಸುಮ್ನೆ ಶೆಡ್ಡು ಖಾಲಿ ಮಾಡಿ ಟೈಲ್ಸ್ ಅಂಗ್ಡಿಯೋರಿಗೆ ಕೊಟ್ಬುಡವಾ” ಅಂತ ವಾರಕ್ಕೊಮ್ಮೆ ಬರುತ್ತಿದ್ದ. ಈ ಆರ್ಡರು ತಪ್ಪಿದರೆ ಅವನ ಮಾತಿಗೆ ಎದುರಾಡಲು ಅಕ್ಕನಿಗೆ ಏನೂ ಉಳಿಯುತ್ತಿರಲಿಲ್ಲ.

“ಪಾಕವೆಲ್ಲ ಕಂಪ್ಯೂಟರ್ಗೆ ಹಾಕಿವ್ನಿ ಅಂತಿದ್ರು ಕಣಣ್ಣ. ಒಸಿ ಹುಡುಕ್ಕೊಡು,” ಅಂದರು.

ಹುಡುಕಿದೆ. ಸಿಕ್ಕಿತು: ಇಪ್ಪತ್ತೇಳು ಫೈಲು. ‘ಹಸಿರು’, ‘ಕೆಂಪು’, ‘ಗಿಲಕಿ’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಹೆಸರು. ಒಂದಕ್ಕೂ ಬಾಲವಿಲ್ಲ. ಬಿಳಿ ಹಾಳೆಯ ಚಿತ್ರ, ಒಳಗೇನಿದೆ ಅಂತ ಗುರುತಿಲ್ಲ. ಒತ್ತಿದರೆ ‘ಇದನ್ನು ಯಾವುದರಲ್ಲಿ ತೆರೆಯಲಿ?’ ಅಂತ ನನ್ನನ್ನೇ ಕೇಳುತ್ತದೆ. ಪತ್ರ ಬರೆಯುವ ಪ್ರೋಗ್ರಾಮಿಗೆ ಕೊಟ್ಟೆ, ಪುಟಗಟ್ಟಲೆ ಅರ್ಥವಿಲ್ಲದ ಅಕ್ಷರ. ಪಟ್ಟಿ ಹಾಕುವುದಕ್ಕೆ ಕೊಟ್ಟೆ, ಅಲ್ಲೂ ಅದೇ. ಫೋಟೋದ್ದಕ್ಕೆ ಕೊಟ್ಟೆ, ತೆರೆಯುವುದೇ ಇಲ್ಲ ಅಂತು.

“ಏನಂತದೆ?” ಅಂದರು ಅಕ್ಕ.

“ಕೆಟ್ಟುಹೋಗಿದೆ ಅಕ್ಕ. ಆದ್ರೂ ನೋಡ್ತೀನಿ ಬಿಡಿ, ನನ್ನ ಕೈಲಿ ಆಗದೆ ಇರೋದು ಯಾವ್ದಿದೆ?”

ಅವತ್ತು ಕಾಫಿ ಬರಲಿಲ್ಲ. ದುಃಖದ ಮನೆ, ಕೇಳುವುದು ಹೇಗೆ? ಮುಂದಿನ ಮೂರು ತಿಂಗಳು ನಾನು ಎಲ್ಲಿಗೆ ಹೋದರೂ ಆ ಇಪ್ಪತ್ತೇಳು ಬಿಳಿ ಹಾಳೆ ನನ್ನ ಹಿಂದೆಯೇ ಬರುತ್ತಿದ್ದವು. ಕಾಫಿ ಮಾತ್ರ ಬರಲಿಲ್ಲ.

೨. ಹೊಗೆಯೊಳಗಿನ ಅಮ್ಮ

ಆ ದಿನಗಳಲ್ಲೇ ರಾಮನಗರದಿಂದ ಒಬ್ಬ ರೇಷ್ಮೆ ನೂಲಿನ ವ್ಯಾಪಾರಿ ಫೋನು ಮಾಡಿದರು. “ಬೇಗ ಬನ್ನಿ. ಕಂಪ್ಯೂಟರ್ ಒಳ್ಗೆ ಯಾರೋ ಅವ್ರೆ.”

“ಯಾರು?”

“ಅದು ಗೊತ್ತಿದ್ರೆ ನಿಮ್ಮನ್ಯಾಕೆ ಕರೀಲಿ?”

ಹೋದೆ. ಅವರು ದಿನಾ ಬೆಳಿಗ್ಗೆ ಕಂಪ್ಯೂಟರಿನಲ್ಲಿ ದೇವರ ಹಾಡು ಹಾಕುವ ಪದ್ಧತಿ. ಮೊದಲೆಲ್ಲ ಮೂಲೆಯಲ್ಲಿ ಬೂದು ಬಣ್ಣದ ಸಣ್ಣ ಕಿಟಕಿ ತೆರೆದು ಹಾಡು ಬರುತ್ತಿತ್ತು. ಈಗ ಹಾಡು ಒತ್ತಿದರೆ ಪರದೆ ಪೂರ್ತಿ ಕಪ್ಪಾಗುತ್ತದೆ. ಕಪ್ಪಿನ ನಡುವಿನಿಂದ ಕೆಂಪು ಹೊಗೆ ಏಳುತ್ತದೆ, ಹಾಡಿನ ತಾಳಕ್ಕೆ ತಿರುಗುತ್ತದೆ. ತಿರುಗುತ್ತಾ ತಿರುಗುತ್ತಾ ಎರಡು ಕಣ್ಣು ಮೂಡುತ್ತವೆ. ಹಾಡುವವರು ಸ್ವರ ಏರಿಸಿದಾಗ ಬಾಯಿ ತೆರೆಯುತ್ತದೆ. ಸುಳ್ಳು ಯಾಕೆ ಹೇಳಲಿ, ನಾನೂ ಕುರ್ಚಿಯನ್ನು ಎರಡಡಿ ಹಿಂದಕ್ಕೆ ಸರಿಸಿಕೊಂಡೆ.

ವಿಚಾರಿಸಿದರೆ ವಿಷಯ ಇಷ್ಟೇ. ಯಾವುದೋ ಪತ್ರಿಕೆಯ ಜೊತೆ ಬಂದ ಸೀಡಿ ಹಾಕಿದ್ದಾರೆ. ಅದರಿಂದ ಹಾಡಿನ ಹೊಸ ಪ್ರೋಗ್ರಾಮು ಒಳಗೆ ಬಂದು, ‘ಇನ್ನು ಮುಂದೆ ಎಲ್ಲ ಹಾಡನ್ನೂ ನಾನೇ ತೆರೆಯಲಾ?’ ಅಂತ ಕೇಳಿದೆ. ಇವರು ಹೂಂ ಅಂದಿದ್ದಾರೆ.

“ಯಾಕೆ ಹೂಂ ಅಂದ್ರಿ?”

“ಇಂಗ್ಲೀಷಲ್ಲಿ ಕೇಳ್ತು. ಇಂಗ್ಲೀಷಲ್ಲಿ ಏನ್ ಕೇಳಿದ್ರೂ ಯೆಸ್ ಅಂದ್ಬುಡೋದು ಸಾರ್, ಇಲ್ದಿದ್ರೆ ಇನ್ನೊಂದ್ ಪ್ರಶ್ನೆ ಕೇಳ್ತದೆ.”

ಬಲಗಡೆ ಗುಂಡಿ ಒತ್ತಿ ಹಾಡುಗಳನ್ನು ಹಳೆಯ ಬೂದು ಕಿಟಕಿಗೇ ಒಪ್ಪಿಸಿ ಬಂದೆ. ನಾಲ್ಕು ದಿನಕ್ಕೆ ಮತ್ತೆ ಫೋನು. “ವಾಪಸ್ ಹಾಕ್ಕೊಡಿ ಸಾರ್.”

“ಏನನ್ನ?”

“ಅಮ್ಮನ್ನ. ನಮ್ಮವ್ವ ಅದ್ರ ಮುಂದೆ ಕೂತು ದಿನಾ ಆರತಿ ಮಾಡ್ತಿದ್ಲು. ಮನೆದೇವ್ರು ಅಂತಾಳೆ. ‘ರಿಪೇರಿಯೋನ್ನ ಕರೆದು ದೇವ್ರನ್ನ ಓಡಿಸ್ಬುಟ್ಯಲ್ಲೋ’ ಅಂತ ಎರಡ್ ದಿನದಿಂದ ಊಟ ಬುಟ್ಟವ್ಳೆ.”

ಮತ್ತೆ ಹೋದೆ. ದೆವ್ವ ಓಡಿಸಿ ಅಭ್ಯಾಸ, ದೇವರನ್ನು ಕರೆಸುವುದು ಅದೇ ಮೊದಲು. ಹಾಡು ಒತ್ತಿದೆ, ಪರದೆ ಕಪ್ಪಾಯಿತು, ಹೊಗೆ ಎದ್ದಿತು. ಅಜ್ಜಿ ಕೈ ಮುಗಿದು, ಕಣ್ಣಲ್ಲಿ ನೀರು ತಂದುಕೊಂಡು ನೋಡಿದರು. ಆಮೇಲೆ ಹುಬ್ಬು ಗಂಟಿಕ್ಕಿ, ಕಪ್ಪು ಪರದೆಯ ಮೇಲೆ ಬೆರಳಿಟ್ಟು ಮಗನನ್ನು ಕೇಳಿದರು: “ಅಮ್ಮ ಬಂದವ್ಳೆ, ಸರಿ. ಅವ್ಳ ಹಿಂದ್ಗಡೆ ಕನ್ನಡಕ ಹಾಕ್ಕೊಂಡು ನಿಂತವ್ನಲ್ಲ, ಆ ಮೂದೇವಿ ಯಾರ್ಲಾ?”

ಬಗ್ಗಿ ನೋಡಿದೆ. ಗಾಜಿನಲ್ಲಿ ಕಾಣುತ್ತಿದ್ದದ್ದು ನನ್ನ ಮುಖ.

೩. ಕೋಳಿಗೆ ಒಪ್ಪಿದ ಮುಖ

ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯಲ್ಲಿ ಒಂದು ದೊಡ್ಡ ಬೇಸಾಯದ ಮನೆ. ಹಿರಿಯರು ತೀರಿಕೊಂಡು ಹತ್ತನೇ ದಿನ. ಮಾರನೇ ದಿನದ ತಿಥಿಗೆ ಫೋಟೋ ದೊಡ್ಡದು ಮಾಡಿಸಿ ಹಾರ ಹಾಕಬೇಕು. ಫೋಟೋ ಇರುವುದು ಮನೆಯ ಕಂಪ್ಯೂಟರಿನಲ್ಲಿ. ಒತ್ತಿದರೆ ಮುಖ ಬರುತ್ತಿಲ್ಲ, ಬರಹ ಬರುತ್ತಿದೆ, ಅದೂ ಕನ್ನಡದಲ್ಲಿ. “ನಮ್ಮಪ್ಪ ಏನೋ ಬರ್ದವ್ನೆ, ಓದಾಕ್ ಆಯ್ತಿಲ್ಲ” ಅಂತ ದೊಡ್ಡ ಮಗ ಫೋನಿನಲ್ಲಿ ಅತ್ತ.

ನಾನು ಹೋಗುವ ಹೊತ್ತಿಗೆ ಮಧ್ಯಾಹ್ನ. ನಡುಮನೆಯಲ್ಲಿ ಇಪ್ಪತ್ತು ಜನ ಉಸಿರು ಬಿಗಿಹಿಡಿದು ಕೂತಿದ್ದಾರೆ. ಕಂಪ್ಯೂಟರಿನ ಮುಂದೆ ಊರ ಪೂಜಾರಪ್ಪ. ಪರದೆಯ ತುಂಬ ಒತ್ತಿನ ಮೇಲೆ ಒತ್ತು ಬಿದ್ದ ಕನ್ನಡ ಅಕ್ಷರ, ನಡುನಡುವೆ ಅಂಕಿ, ಆಶ್ಚರ್ಯದ ಗುರುತು. ಪೂಜಾರಪ್ಪ ಅದನ್ನು ಗಂಟಲಿನಿಂದ ಹೊರಡಿಸಲು ಒದ್ದಾಡುತ್ತಿದ್ದಾರೆ. ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡಿದ್ದಾರೆ. ಹೊರಗೆ ಒಂದು ನಾಯಿ ಕೂಡ ಬೊಗಳುತ್ತಿಲ್ಲ.

“ಏನಂತೆ?” ಅಂತ ದೊಡ್ಡ ಮಗ ಮೆಲ್ಲಗೆ ಕೇಳಿದ.

“ತಡಿಯಪ್ಪ. ಬದುಕಿದ್ದಾಗ್ಲೂ ನಿಮ್ಮಪ್ಪನ ಕೈಬರಹ ಹಿಂಗೇ ಇತ್ತು,” ಅಂದರು ಪೂಜಾರಪ್ಪ.

ನನಗೆ ನೋಡಿದ ಕೂಡಲೇ ಅರ್ಥವಾಯಿತು. ದೊಡ್ಡ ಮಗ ಅರ್ಜಿ ಬರೆಯಲು ಕನ್ನಡ ಅಕ್ಷರ ಹಾಕಿಸಿಕೊಂಡಿದ್ದ. ಯಾರೋ ಒಮ್ಮೆ ಫೋಟೋವನ್ನು ತಪ್ಪಿ ಅದೇ ಪ್ರೋಗ್ರಾಮಿಗೆ ಕೊಟ್ಟು, ‘ಯಾವಾಗಲೂ ಇದರಲ್ಲೇ ತೆರೆ’ ಅನ್ನುವ ಚೌಕಕ್ಕೆ ಗುರುತು ಹಾಕಿದ್ದಾರೆ. ಅವತ್ತಿನಿಂದ ಮನೆಯ ಫೋಟೋಗಳೆಲ್ಲ ಅಕ್ಷರವಾಗಿ ಪುಡಿಯಾಗಿ ಸುರಿಯುತ್ತಿವೆ. ಹೇಳೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಪೂಜಾರಪ್ಪ ತೀರ್ಪು ಕೊಟ್ಟುಬಿಟ್ಟರು.

“ಏನೋ ಆಸೆ ಉಳಕೊಂಡದೆ. ನಾಳೆ ಎಡೆಗೆ ಸೊಪ್ಪಿನ ಸಾರು ಅಂತ ಮಾತಾಡ್ಕಂಡಿದ್ರಲ್ಲ, ಅದಕ್ಕೇ ಮುನಿಸ್ಕಂಡವ್ನೆ. ನಾಟಿ ಕೋಳಿ ಬೇಕು ಅಂತಾವ್ನೆ.”

“ಎಷ್ಟು?”

ಪೂಜಾರಪ್ಪ ಪರದೆಯಲ್ಲಿ ಅಂಕಿ ಹುಡುಕಿದರು. “ಆರು ಅಂತ ಬರ್ದವ್ನೆ.”

“ಆಯ್ತು ಕಣಪ್ಪಾ, ಕುಯ್ತೀವಿ,” ಅಂತ ದೊಡ್ಡ ಮಗ ಕಂಪ್ಯೂಟರಿಗೆ ಅಡ್ಡಬಿದ್ದ. ಅದೇ ಹೊತ್ತಿಗೆ ನಾನು ಕೈಚಾಚಿ ಬಲಗಡೆ ಗುಂಡಿ ಒತ್ತಿ ಫೋಟೋದ ಪ್ರೋಗ್ರಾಮಿಗೆ ಕೊಟ್ಟೆ. ಪರದೆಯ ಮೇಲೆ ಹಿರಿಯರ ಮುಖ ಮೂಡಿತು, ಪೇಟ ಸುತ್ತಿಕೊಂಡು, ಹಲ್ಲೆಲ್ಲ ಕಾಣುವಂತೆ ನಗುತ್ತಾ.

ಇಪ್ಪತ್ತು ಜನ ಒಟ್ಟಿಗೆ ಹೋ ಅಂದರು. ಪೂಜಾರಪ್ಪ ನನ್ನ ಕಡೆ ತಿರುಗಿಯೂ ನೋಡಲಿಲ್ಲ. “ಕಂಡ್ರಾ? ಕೋಳಿ ಅಂದದ್ದೇ ತಡ, ಮುಖ ತೋರ್ಸ್ದ.”

ಮಾರನೇ ದಿನ ನನಗೂ ಊಟಕ್ಕೆ ಹೇಳಿದ್ದರು. ಮುದ್ದೆ, ಕೋಳಿ ಸಾರು ಬಾರಿಸಿ, ಪಾಯಸ ಮಾತ್ರ ಬೇಡ ಅಂದೆ. ಸಕ್ಕರೆ ಕಾಯಿಲೆ ಅಂತ ಡಾಕ್ಟರು ಹೇಳಿ ಆಗಷ್ಟೇ ತಿಂಗಳಾಗಿತ್ತು. ಕೈ ತೊಳೆಯುವಾಗ ಬೊಂಬೆ ಮನೆಯ ಅಕ್ಕನ ಫೋನು ಬಂತು. “ಅಣ್ಣಾ, ಒಂದ್ ತಿಂಗ್ಳು ಆಗೋಯ್ತು. ಸಿಕ್ತಾ?” ಇಲ್ಲ ಅಂದೆ. ಆಗಲೇ ನನಗೆ ಬುದ್ಧಿ ಬರಬೇಕಿತ್ತು. ಒಂದು ಫೋಟೋ ಅಕ್ಷರದ ವೇಷ ಹಾಕಿ ಇಪ್ಪತ್ತು ಜನರನ್ನು ಹೆದರಿಸಬಹುದಾದರೆ, ಆ ಇಪ್ಪತ್ತೇಳು ಫೈಲೂ ಅಕ್ಷರವಲ್ಲದೆ ಬೇರೇನೋ ಆಗಿರಬಹುದು ಅಂತ. ಕೋಳಿ ಸಾರಿನ ಗುಂಗಿನಲ್ಲಿ ಹೊಳೆಯಲಿಲ್ಲ.

೪. ತಾನೇ ಬರುವ ಪ್ರಶ್ನೆಪತ್ರಿಕೆ

ಕನಕಪುರದಲ್ಲಿ ಮಕ್ಕಳಿಗೆ ಪಾಠ ಹೇಳುವ ಒಂದು ಟ್ಯುಟೋರಿಯಲ್ಲು. ಉಯ್ಯಂಬಳ್ಳಿ ಕಡೆಯಿಂದ ಬಸ್ಸಿನಲ್ಲಿ ಬರುವ ಮಕ್ಕಳೇ ಹೆಚ್ಚು. ಅದನ್ನು ನಡೆಸುವ ಮೇಷ್ಟ್ರು ಶಿಸ್ತಿನ ಮನುಷ್ಯ. ಕಂಪ್ಯೂಟರನ್ನು ತಮ್ಮ ಕೋಣೆಯಲ್ಲಿ ಬೀಗ ಹಾಕಿ ಇಟ್ಟಿದ್ದರು. ಪ್ರಿಂಟರಿಗೆ ಅಲ್ಲಿ ಜಾಗವಿಲ್ಲದೆ, ಗೋಡೆಗೆ ತೂತು ಕೊರೆದು ವೈರು ಎಳೆದು ಪಕ್ಕದ ತರಗತಿಯಲ್ಲಿ ಕೂರಿಸಿದ್ದರು.

“ಒಂದು ಪತ್ರವೂ ತೆರೀತಿಲ್ಲ ಕಣ್ರೀ,” ಅಂದರು. “ಒತ್ತಿದ್ರೆ ಒಂದ್ ಕ್ಷಣ ಮಿಣುಕ್ ಅಂತದೆ, ಮಾಯ ಆಯ್ತದೆ. ನಾಳೆ ಪರೀಕ್ಷೆ ಪ್ರಶ್ನೆಪತ್ರಿಕೆ ನೋಡನಾ ಅಂತ ಈಗ ನಾಲ್ಕ್ ಸಲ ಒತ್ತಿದ್ದೀನಿ.”

ನಾನು ಪ್ರಿಂಟರು ನೋಡಲು ಪಕ್ಕದ ತರಗತಿಗೆ ಹೋದೆ. ಬಾಗಿಲು ತೆಗೆದರೆ ಮೂವತ್ತು ಮಕ್ಕಳು, ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದ. ಎಲ್ಲರ ಕಣ್ಣೂ ಪ್ರಿಂಟರಿನ ಮೇಲೆ. ಪ್ರಿಂಟರಿಗೆ ಅರಿಶಿನ, ಕುಂಕುಮ, ಒಂದು ಸೇವಂತಿಗೆ ಹೂ. ಯಾರೂ ಮುಟ್ಟಿಲ್ಲ, ಅದು ತಾನಾಗಿ ಗರಗರ ಅಂತ ಒಂದು ಹಾಳೆಯನ್ನು ಉಗುಳಿತು. ಮೊದಲ ಬೆಂಚಿನ ಹುಡುಗಿ ಎದ್ದು, ಚಪ್ಪಲಿ ಬಿಟ್ಟು, ಹಾಳೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು.

“ಏನಮ್ಮ ಇದು?”

“ಸರಸ್ವತಿ ಸಾರ್. ಪರೀಕ್ಷೆ ಹಿಂದಿನ್ ದಿನ ಬತ್ತಾಳೆ. ನಮ್ ಸಾರ್ಗೆ ಹೇಳ್ಬೇಡಿ, ನಿಂತೋಯ್ತದೆ.”

ಆಗಿದ್ದು ಇಷ್ಟು: ಪತ್ರವನ್ನು ಒತ್ತಿದಾಗ ‘ತೆರೆ’ ಅನ್ನುವ ಜಾಗದಲ್ಲಿ ‘ಪ್ರಿಂಟ್ ಹಾಕು’ ಅಂತ ಯಾರೋ ಬದಲಿಸಿಟ್ಟಿದ್ದಾರೆ. ಮೇಷ್ಟ್ರು ಈ ಕಡೆ ಒತ್ತಿದಷ್ಟೂ ಆ ಕಡೆ ಪ್ರಸಾದ ಬಿದ್ದಿದೆ. ಸರಿಪಡಿಸಿದೆ. ಯಾಕೆ ಹಾಗಾಗುತ್ತಿತ್ತು ಅಂತ ಮೇಷ್ಟ್ರಿಗೆ ಹೇಳಲು ಮಾತ್ರ ಆ ಹುಡುಗಿಯ ಮುಖ ಅಡ್ಡ ಬಂತು.

ತಿಂಗಳು ಬಿಟ್ಟು ಮೇಷ್ಟ್ರು ಫೋನಿನಲ್ಲೇ ಕೂಗಾಡಿದರು. “ಅಲ್ರೀ, ನನ್ ಟ್ಯುಟೋರಿಯಲ್ಲಲ್ಲಿ ತೊಂಬತ್ತರ ಕೆಳಗೆ ಯಾರೂ ತೆಗೀತಿರ್ಲಿಲ್ಲ. ನೀವು ಬಂದು ಹೋದ್ಮೇಲೆ ಇಡೀ ಕ್ಲಾಸೇ ದಡ್ಡಾಗೋಯ್ತು. ಕಂಪ್ಯೂಟ್ರು ರಿಪೇರಿ ಮಾಡಿ ಅಂದ್ರೆ ಮಕ್ಕಳಿಗೇನ್ ಮಾಡಿದ್ರಿ?”

೫. ಕಾಫಿ ಬಂದ ದಿನ 

ಗಡುವಿನ ಹಿಂದಿನ ದಿನ ಅಕ್ಕ ಮತ್ತೆ ಕರೆಸಿದರು. ನಾನು ತಲೆ ತಗ್ಗಿಸಿಕೊಂಡೇ ಹೋದೆ. ಮಾರನೇ ದಿನ ಬೆಳಿಗ್ಗೆ ಏಜೆಂಟು ಬರುತ್ತಾನೆ, ಹಸಿರು ಗಿಲಕಿಯ ಮಾದರಿ ಅವನ ಕೈಗೆ ಕೊಡಬೇಕು. ಶೆಡ್ಡಿನಲ್ಲಿ ಮೈದುನ ಟೈಲ್ಸ್ ಅಂಗಡಿಯವರನ್ನು ಕರೆತಂದು ಟೇಪು ಹಿಡಿದು ಗೋಡೆ ಅಳೆಯುತ್ತಿದ್ದ. ಕರೆಂಟು ಇತ್ತು, ಆದರೆ ಲೇತು ನಾಲ್ಕೂ ನಿಂತಿದ್ದವು. ಹಿರಿಯ ಕೆಲಸಗಾರರು ಬಾಗಿಲಲ್ಲಿ ಕೂತು ಬೀಡಿ ಹಚ್ಚದೆ ಹಾಗೇ ಕೈಯಲ್ಲಿ ಹಿಡಿದಿದ್ದರು.

ಕಂಪ್ಯೂಟರು ಆನ್ ಮಾಡಿದರೆ ಅದೂ ಕೈಕೊಟ್ಟಿತು. ವೈರಸ್ಸು ಹೊಕ್ಕು ಸಿಸ್ಟಮ್ಮೇ ಏಳುತ್ತಿಲ್ಲ. ಅಕ್ಕ ಸೆರಗಿನಿಂದ ಪರದೆಯ ಧೂಳು ಒರೆಸಿದರು. ಅವರು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನನ್ನ ಚೀಲದಲ್ಲಿ ಒಂದು ಸೀಡಿ ಇತ್ತು. ಕಾಲೇಜಿನ ಮೇಷ್ಟ್ರೊಬ್ಬರು ಕೊಟ್ಟ, ಕಂಪ್ಯೂಟರನ್ನು ನಡೆಸುವ ಪುಕ್ಕಟೆ ಸಿಸ್ಟಮ್ಮು. ಕಂಪ್ಯೂಟರಿನೊಳಗಿನದನ್ನು ಮುಟ್ಟದೆ ಸೀಡಿಯಿಂದಲೇ ಏಳುತ್ತದಂತೆ. ಪುಕ್ಕಟೆ ಕೊಟ್ಟದ್ದು ಏನು ಚೆನ್ನಾಗಿದ್ದೀತು ಅಂತ ವರ್ಷದಿಂದ ಅದರ ಮೇಲೆ ಟೀ ಲೋಟ ಇಡುತ್ತಿದ್ದೆ. ಒರೆಸಿ, ಹಾಕಿದೆ. ಎದ್ದಿತು. ಯಜಮಾನರ ಫೈಲುಗಳ ಜಾಗ ಹುಡುಕಿ ತೆರೆದೆ.

ಬಿಳಿ ಹಾಳೆಗಳು ಇರಲಿಲ್ಲ. ಇಪ್ಪತ್ತೇಳರ ಮೇಲೂ ಸಂಗೀತದ ಸ್ವರದ ಗುರುತು ಮೂಡಿತ್ತು.

ಬೋರ್ಡು ಓದಲು ಬಾರದ ಅಜ್ಜಿಯಂದಿರು ಬಸ್ಸಿನ ಕಿಟಕಿಯಿಂದ ಇಣುಕಿ, ಒಳಗೆ ತಮ್ಮೂರಿನವರು ಕೂತಿದ್ದಾರಾ ಅಂತ ನೋಡಿ ಹತ್ತುತ್ತಾರಲ್ಲ, ಈ ಸಿಸ್ಟಮ್ಮು ಆ ಜಾತಿಯದು. ಬಾಲ ಇಲ್ಲದಿದ್ದರೆ ಹೊಟ್ಟೆಯೊಳಗೆ ಇಣುಕುತ್ತದೆ. ಆದರೆ ಅವತ್ತು ನನಗೆ ಅದು ಗೊತ್ತಿರಲಿಲ್ಲ. ಇದೂ ಕೆಟ್ಟಿದೆ ಅಂದುಕೊಂಡು ‘ಹಸಿರು’ ಒತ್ತಿದೆ.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಲೇತು ತಿರುಗುವ ಸದ್ದು.

ಹಿರಿಯರು ಧಡಕ್ಕನೆ ಎದ್ದು ಶೆಡ್ಡಿನ ಕಡೆ ನೋಡಿದರು. “ಲೇತ್ ಯಾರ್ಲಾ ಬುಟ್ಟಿದ್ದು?” ಮೈದುನ ಟೇಪು ಹಿಡಿದೇ ಹೊರಗೆ ಬಂದ. ಶೆಡ್ಡಿನಲ್ಲಿ ನಾಲ್ಕು ಲೇತೂ ನಿಂತೇ ಇದ್ದವು. ಸದ್ದು ಮಾತ್ರ ಬರುತ್ತಲೇ ಇತ್ತು. ಆಮೇಲೆ ಒಂದು ಕೆಮ್ಮು. ಆ ಕೆಮ್ಮು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

“ಹಸುರು,” ಅಂದರು ಯಜಮಾನರು. “ಅರಗು ನಾಕು ಪಾಲು. ಅರಿಶಿನ ಪುಡಿ ಹಾಕ್ಬಾರ್ದು, ಕುದಿಸಿ ಸೋಸಿ ಹಾಕ್ಬೇಕು. ಎಲ್ಲಾರೂ ಎಡವಾದು ಇಲ್ಲೇ. ನೀಲಿ ಅರ್ಧ ಪಾಲು, ಕೊನೇಗೆ...”

ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡು ಹಾಗೇ ಕೂತರು. ಹಿರಿಯರು ಮಾತ್ರ ಒಲೆಯಿಂದ ಇದ್ದಿಲು ತಂದು, ಕಣ್ಣೊರೆಸಿಕೊಳ್ಳುತ್ತಾ, ಟೈಲ್ಸಿನವರು ಅಳೆದಿದ್ದ ಗೋಡೆಯ ಮೇಲೇ ಪಾಕ ಬರೆಯತೊಡಗಿದರು. ಮೈದುನ ಚಪ್ಪಲಿ ಬಿಟ್ಟು, ಅಣ್ಣನ ಮುಂದೆ ನಿಂತ ಹಾಗೆ ಕೈ ಕಟ್ಟಿ ನಿಂತ. ಟೈಲ್ಸಿನವರು ಯಾವಾಗ ಹೋದರೋ ಯಾರೂ ನೋಡಲಿಲ್ಲ.

ಬೆರಳ ತುಂಬ ಅರಗು ಅಂಟಿಕೊಂಡ ಮನುಷ್ಯ ಎಲ್ಲಿಂದ ಅಕ್ಷರ ಒತ್ತಬೇಕು? ಮೈಕಿನಲ್ಲಿ ಹೇಳಿಟ್ಟಿದ್ದರು. ಹೇಳಿ ಮುಗಿಸಿದ ಮೇಲೆ, ಕೆಲಸ ಮುಗಿಯಿತು ಅಂತ, ಪ್ರತಿಯೊಂದರ ಬಾಲವನ್ನೂ ನೀಟಾಗಿ ಕತ್ತರಿಸಿ ಎಸೆದಿದ್ದರು. ನಾನು ಮೂರು ತಿಂಗಳು ಆ ಫೈಲುಗಳನ್ನು ಎಲ್ಲ ಪ್ರೋಗ್ರಾಮಿಗೂ ಕೊಟ್ಟಿದ್ದೆ, ಹಾಡಿನ ಪ್ರೋಗ್ರಾಮೊಂದನ್ನು ಬಿಟ್ಟು. ಮೈಕು ಅಲ್ಲೇ ಮೊಳೆಯಲ್ಲಿ ನೇತಾಡುತ್ತಿತ್ತು.

ಸಂಜೆಯೊಳಗೆ ಹಸಿರು ಬಂತು, ಮಾರನೇ ದಿನ ಏಜೆಂಟು ಒಪ್ಪಿದ, ಲೇತು ಈಗಲೂ ತಿರುಗುತ್ತಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೇಳಬೇಕಾದ್ದು ಇನ್ನೂ ಇದೆ.

ಹಿರಿಯರು ಬಣ್ಣ ಕಲಸಲು ಹೋದ ಮೇಲೆ ಅಕ್ಕ ಒಂದೊಂದಾಗಿ ಎಲ್ಲವನ್ನೂ ಹಾಕಿಸಿ ಕೇಳಿದರು. ಕೊನೆಗೆ ಉಳಿದದ್ದು ‘ಕೆಂಪು’. ಒತ್ತಿದೆ. “ಕೆಂಪಿಗೆ ಅರಗು...” ಅಂತ ಯಜಮಾನರು ಶುರು ಮಾಡಿ ನಿಲ್ಲಿಸಿದರು. ದೂರದಿಂದ ಒಂದು ಸ್ಕೂಟರು ಬರುವ ಸದ್ದು, ಒಡೆದ ಸೈಲೆನ್ಸರು, ನಿಲ್ಲುವಾಗ ಎರಡು ಸಲ ಗುಟುರು ಹಾಕುವಂಥದ್ದು. ಅದು ನನ್ನ ಹಳೆಯ ಸ್ಕೂಟರು. ಗುಜರಿಗೆ ಹಾಕಿ ವರ್ಷವಾಗಿತ್ತು. ಅದು ಬಂದು ಬಾಗಿಲ ಮುಂದೆ ನಿಂತಿತು. ಅಕ್ಕ, ಮೈದುನ, ನಾನು ಮೂವರೂ ಬೀದಿ ಬಾಗಿಲ ಕಡೆ ನೋಡಿದೆವು. ಬಾಗಿಲಲ್ಲಿ ಯಾರೂ ಇರಲಿಲ್ಲ.

“ಯಜಮಾನ್ರೇ, ಇದೀರಾ?” ಅಂತ ನಾನೇ ಕೂಗಿದೆ, ಕಂಪ್ಯೂಟರಿನ ಡಬ್ಬದ ಒಳಗಿನಿಂದ.

ಯಜಮಾನರು ದನಿ ತಗ್ಗಿಸಿದರು. “ಇವ್ಳೇ, ಕಂಪ್ಯೂಟರಣ್ಣ ಬಂದ. ಕಾಪಿ ಮಡುಗು. ಅವ್ನಿಗೇನೂ ಬರಾಕಿಲ್ಲ ಪಾಪ, ಬಿಚ್ತಾನೆ, ಜೋಡಿಸ್ತಾನೆ, ಹೊಂಟೋಯ್ತಾನೆ. ಆದ್ರೂ ಬಿಸ್ಲಲ್ಲಿ ಬಂದವ್ನೆ.”

“ಹೂಂ, ಮಡುಗ್ದೆ,” ಅಂದರು ಅಕ್ಕ.

ಇದು ಡಬ್ಬದಿಂದ ಬಂದದ್ದಲ್ಲ. ಪಕ್ಕದಲ್ಲಿ ಕೂತಿದ್ದ ಅಕ್ಕ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಎದ್ದು ಅಡಿಗೆಮನೆಗೆ ಹೋಗಿಯೇಬಿಟ್ಟರು. ಇಷ್ಟು ವರ್ಷದ ಅಭ್ಯಾಸ, ಅವರು ಕರೆದರು, ಇವರು ಎದ್ದರು. ಒಳಗೆ ಪಾತ್ರೆ ಸದ್ದಾಯಿತು. ಡಬ್ಬದೊಳಗೂ ಪಾತ್ರೆ ಸದ್ದಾಯಿತು. ಮೈದುನ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡ.

“ಸಕ್ಕರೆ ಎಷ್ಟಾಕ್ಲಿ?”

ಅದು ಒಳಗಿನಿಂದ ಬಂತೋ ಡಬ್ಬದಿಂದ ಬಂತೋ ಇವತ್ತಿಗೂ ನನಗೆ ಗೊತ್ತಿಲ್ಲ. ‘ನನಗೆ ಸಕ್ಕರೆ ಬೇಡ ಅಕ್ಕ’ ಅಂತ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಯಜಮಾನರೇ ಹೇಳಿಬಿಟ್ಟರು: “ಒಸಿ ಮುಂದಾಗೇ ಹಾಕು. ಪಾಪ, ಅವ್ನಿಗೆ ಬ್ಯಾರೆ ಎಲ್ಲಿ ಮರ್ವಾದೆ ಸಿಕ್ತದೆ?”

ಟಕ್ ಅಂತ ಸದ್ದಾಗಿ ಫೈಲು ಮುಗಿಯಿತು.

ಅಕ್ಕ ಕಾಫಿ ತಂದು ನನ್ನ ಮುಂದೆ ಇಟ್ಟರು. ಇಟ್ಟ ಮೇಲೆ ತಾನೇನು ಮಾಡಿದೆ ಅಂತ ಅವರಿಗೆ ಹೊಳೆದಿರಬೇಕು. ಸೆರಗಿನಿಂದ ಮುಖ ಮುಚ್ಚಿಕೊಂಡರು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾರೆ ಅಂದುಕೊಂಡೆ, ಸೆರಗು ತೆಗೆದರೆ ನಗುತ್ತಿದ್ದರು, ಕಣ್ಣಲ್ಲಿ ನೀರಿತ್ತು. “ಇಪ್ಪತ್ತೇಳಕ್ಕೂ ಬಾಲ ಹಾಕ್ಕೊಡ್ಲಾ ಅಕ್ಕ?” ಅಂತ ಮಾತು ತಪ್ಪಿಸಲು ಕೇಳಿದೆ.

“ಬ್ಯಾಡ. ಅವ್ರು ಕತ್ತರಿಸಿರೋದು, ಹಂಗೇ ಇರ್ಲಿ. ಕಾಪಿ ಆರೋಯ್ತದೆ, ಕುಡಿ.”

ಲೋಟ ಎತ್ತಿದೆ. ದೊಡ್ಡ ಲೋಟ, ನೊರೆ ಕಾಫಿ, ಪಾಕದ ಹಾಗೆ ಸಿಹಿ. ಡಾಕ್ಟರು ಸಕ್ಕರೆ ಮುಟ್ಟಲೇಬಾರದು ಅಂದಿದ್ದರು. ಆದರೆ ಬೇಡ ಅಂತ ಹೇಳುವುದು ಯಾರಿಗೆ? ತಳದವರೆಗೂ ಕುಡಿದು, ಕಂಪ್ಯೂಟರಿಗೆ ಒಂದು ನಮಸ್ಕಾರ ಹಾಕಿ, ಹೆಚ್ಚು ಸದ್ದು ಮಾಡದ ಹೊಸ ಸ್ಕೂಟರನ್ನು ಓಣಿಯ ಕೊನೆವರೆಗೂ ತಳ್ಳಿಕೊಂಡೇ ಹೋದೆ. ಸ್ಟಾರ್ಟ್ ಮಾಡಿದರೆ ಡಬ್ಬದೊಳಗಿನ ಯಜಮಾನರಿಗೆ ಕೇಳಿಸಿ, ಇನ್ನೊಂದು ಲೋಟ ಮಡುಗು ಅಂದುಬಿಟ್ಟರೆ?